ಖಾಲಿ ಟ್ಯೂಬಿನ ಬೆಳಕು

ಬೆಳಗಬಾರದ ಟ್ಯೂಬು ಬೆಳಗುತ್ತಿತ್ತು. ಬಾಗಿಲು ಹಾಕಿ, ಕಪ್ಪು ಪರದೆ ಎಳೆದು, ನೇರಳೆ ದೀಪ ಹೊತ್ತಿಸಿದ ಮೇಲೆ ಸಾಲಿನ ತುದಿಯಲ್ಲಿದ್ದ ಆ ಟ್ಯೂಬು ಕತ್ತಲೆಯಲ್ಲಿ ಕತ್ತಲೆಯಾಗಿ ಸುಮ್ಮನಿರಬೇಕಿತ್ತು. ಅದರೊಳಗಿದ್ದದ್ದು ಶುದ್ಧ ನೀರು, ಅದಕ್ಕೆ ಅವನು ಕೈಯಾರೆ ಹಾಕಿದ ಒಂದು ತೊಟ್ಟು ಬಣ್ಣ, ಅಷ್ಟೇ. ರಕ್ತದ ಹನಿಯಿಲ್ಲ, ಲೋಹದ ಸುಳಿವಿಲ್ಲ. ಪ್ರಯೋಗಾಲಯದವರು ಇದಕ್ಕೆ ಬ್ಲ್ಯಾಂಕ್ ಅನ್ನುತ್ತಾರೆ, ಅವನು ಮನಸ್ಸಿನಲ್ಲೇ ಖಾಲಿ ಅಂದುಕೊಳ್ಳುತ್ತಾನೆ. ಖಾಲಿ ಕಪ್ಪಗಿದ್ದರೆ ಮಿಕ್ಕ ಟ್ಯೂಬುಗಳ ಮಾತನ್ನು ನಂಬಬಹುದು. ಖಾಲಿಯೇ ಬಾಯಿ ಬಿಟ್ಟರೆ ಉಳಿದವು ಹೇಳಿದ್ದೆಲ್ಲ ಬೊಗಳೆ. ಅದು ಎಳೆ ಹಸಿರಾಗಿ, ತಣ್ಣಗೆ, ತನಗೇನೂ ಗೊತ್ತಿಲ್ಲದ ಹಾಗೆ ಬೆಳಗುತ್ತಾ ನಿಂತಿತ್ತು. ಅವನು ದೀಪ ಆರಿಸಿದ, ಕಣ್ಣುಜ್ಜಿಕೊಂಡ, ಮತ್ತೆ ಹೊತ್ತಿಸಿದ. ಹಸಿರು ಎಲ್ಲೂ ಹೋಗಿರಲಿಲ್ಲ.

ಭಯ ಅವನಿಗೆ ಹೊಸದಲ್ಲ. ಅವನ ಭಯ ಕಾರಣಕ್ಕಿಂತ ಮೊದಲೇ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತದೆ. ಯಾರಾದರೂ ಬಾಗಿಲು ಬಡಿದರೂ ಭಯ, ಬಡಿಯದೆ ಹೋದರೂ ಭಯ. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕೂರುತ್ತಾನೆಂದು ಸಂಸ್ಥೆಯ ಹುಡುಗರು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದರು. ಸೀಸೆ ಒಡೆದರೆ, ಯಂತ್ರ ಕೆಟ್ಟರೆ, ಗೂಬೆ ಕೂರಿಸುವುದಕ್ಕೆ ಬೇರೆ ತಲೆ ಯಾಕೆ ಹುಡುಕಬೇಕು, ಗೂಬೆಯೇ ಇದೆಯಲ್ಲ ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ, ಅವರಿಗಿಂತ ಒಂದು ಪಾಲು ಹೆಚ್ಚಾಗಿಯೇ. ಆದರೆ ಈ ಕೋಣೆಯೊಳಗೆ ಮಾತ್ರ ಅವನು ಯಾರಿಗೂ ಹೆದರಿದವನಲ್ಲ. ಇಲ್ಲಿರುವುದು ಅವನೇ ಕಟ್ಟಿದ ಅಣು, ಟ್ಯೂಬಿಗೆ ಹಾಕುವ ಆ ಬಣ್ಣ. ಹೆಣ್ಣು ನೋಡಲು ಹೋಗಬೇಕಾದ ವಯಸ್ಸೆಲ್ಲ ಅದಕ್ಕೇ ಹೋಯಿತು ಎಂದು ಅಮ್ಮ ಇರುವವರೆಗೂ ಗೊಣಗುತ್ತಿದ್ದಳು. ಆ ಅಣುವಿಗೆ ಎರಡು ತೋಳು, ನಡುವೆ ಒಂದು ಮಡಿಲು. ಮಡಿಲು ಬರಿದಾಗಿದ್ದರೆ ಅದು ನೇರಳೆ ಬೆಳಕನ್ನು ನುಂಗಿ ಸುಮ್ಮನಿರುತ್ತದೆ. ಸತುವಿನ ಒಂದು ಕಣ ಬಂದು ಕೂತರೆ ಹಸಿರಾಗಿ ಬೆಳಗುತ್ತದೆ. ಕಬ್ಬಿಣದ ಬಕೆಟ್ಟಿಗೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಾರಲ್ಲ, ಜಿಂಕ್, ಅದೇ ಸತು. ಮೈಗೆ ಬೇಕಾದದ್ದು ಚಿಟಿಕೆಯಲ್ಲಿ ಚೂರು. ಆ ಚೂರು ಇಲ್ಲದೆ ಹೋದರೆ ಚರ್ಮ ಚರ್ಮವಾಗಿ ನಿಲ್ಲುವುದಿಲ್ಲ, ಕೂದಲು ಉದುರುತ್ತದೆ, ಹೊಟ್ಟೆ ಏನನ್ನೂ ಹಿಡಿದುಕೊಳ್ಳುವುದಿಲ್ಲ, ಹಸುಗೂಸಾದರೆ ಕರಗಿ ಹೋಗುತ್ತದೆ.

ತಂಗಿಯ ಕೂಸಿನ ನೆನಪಾದದ್ದೇ ಅವನು ಆ ಯೋಚನೆಯನ್ನು ಆಚೆ ತಳ್ಳಿದ. ಮೊದಲು ತೊಳೆಯೋಣ. ಬೆರಳಿನ ಬೆವರಿರಬಹುದು, ಕೈಗವಸಿನ ಪುಡಿಯಿರಬಹುದು. ಗಾಜಿನ ಪಾತ್ರೆ ತೊಳೆದ, ಆಮ್ಲದಲ್ಲಿ ಅದ್ದಿದ, ಮತ್ತೆ ತೊಳೆದ. ಬೆಳಗಿತು. ಹೊಸ ಬಣ್ಣ ಕಲಸಿದ. ಬೆಳಗಿತು. ಆಗ ಮೇಡಂ ಪರದೆ ಸರಿಸಿ ಇಣುಕಿದರು. ಈ ವಿಭಾಗಕ್ಕೆ ಅವರೇ ಹಿರಿಯರು, ಕತ್ತಲೆ ಕೋಣೆಗೆ ಬಂದರೆ ಅಡುಗೆಮನೆಗೆ ಬೆಕ್ಕು ನುಗ್ಗಿದೆಯೇ ಎಂದು ನೋಡುವವರ ಹಾಗೆ ನೋಡುತ್ತಾರೆ. ಮಧ್ಯಾಹ್ನ ಹೊರಗಿನವರು ನಿಮ್ಮ ಪ್ರಯೋಗ ನೋಡಲು ಬರುತ್ತಾರೆ, ಎಲ್ಲ ತಯಾರಿದೆ ತಾನೆ ಎಂದು ಕೇಳಿದರು. ಬ್ಲ್ಯಾಂಕ್ ಬೆಳಗುತ್ತಿದೆ ಎಂದು ಅವನು ಹೇಳಿದ, ತನ್ನ ದನಿ ತನಗೇ ಕೇಳಿಸದಷ್ಟು ಮೆತ್ತಗೆ. ತೊಳೀರಿ ಅಂದರು. ತೊಳೆದೆ ಅಂದ. ಹಾಗಾದರೆ ಸರಿಯಾಗಿ ತೊಳೀರಿ ಅಂದು ಹೋದರು. ಅವನು ನಿಜವಾಗಿಯೂ ನಲ್ಲಿಯ ಹತ್ತಿರ ಹೋಗಿ ಮೂರನೆಯ ಸಲ ತೊಳೆದ. ಅಂಥ ಮನುಷ್ಯ ಅವನು.

ತೊಳೆಯುತ್ತಿರುವಾಗಲೇ ಹೊಳೆದದ್ದು. ನೀರು. ಶುದ್ಧ ನೀರಿನ ಪ್ಲಾಸ್ಟಿಕ್ ಕ್ಯಾನು ನಿನ್ನೆ ಸಂಜೆ ಸೋರತೊಡಗಿತ್ತು. ಕೈಗೆ ಸಿಕ್ಕ ನಾಲ್ಕಾರು ಟ್ಯೂಬಿಗೆ ನೀರು ತುಂಬಿ ಫ್ರಿಜ್ಜಿನಲ್ಲಿ ಮಲಗಿಸಿ ಮನೆಗೆ ಹೋಗಿದ್ದ. ಆಸ್ಪತ್ರೆಯಲ್ಲಿ ರಕ್ತ ತೆಗೆಯುತ್ತಾರಲ್ಲ, ಕೆಂಪು ರಬ್ಬರಿನ ಮುಚ್ಚಳದ್ದು, ಆ ಟ್ಯೂಬು. ಬೆಳಿಗ್ಗೆ ಖಾಲಿಗೆ ಹಾಕಿದ್ದು ಆ ನೀರನ್ನೇ. ಕೈ ತಾನಾಗಿ ಕೆಲಸ ಮಾಡಿತು. ಅದೇ ಮುಚ್ಚಳದ ಎರಡು ಹೊಸ ಟ್ಯೂಬಿಗೆ ಸೋರುವ ಕ್ಯಾನಿನಲ್ಲಿ ಉಳಿದಿದ್ದ ನೀರನ್ನೇ ಹಾಕಿ, ಒಂದನ್ನು ಮುಟ್ಟದೆ ನಿಲ್ಲಿಸಿದ, ಇನ್ನೊಂದನ್ನು ಹಿಡಿದು ಮೇಲೆ ಕೆಳಗೆ ಮಗುಚುತ್ತಾ ಹೋದ. ರಬ್ಬರು ಮಾಡುವವರು ಅದಕ್ಕೆ ಸತುವಿನ ಪುಡಿ ಬೆರೆಸುತ್ತಾರೆ, ಬಿಗಿ ಬರಲೆಂದು. ಇದು ಅವನಿಗೆ ತಿಳಿಯದ್ದಲ್ಲ. ಓದಿದ್ದ, ಹುಡುಗರಿಗೆ ಹೇಳಿಕೊಟ್ಟಿದ್ದ, ಸತು ಅಳೆಯುವವನು ರಬ್ಬರಿನ ನೆರಳೂ ಬೀಳಗೊಡಬಾರದು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದ. ಎರಡಕ್ಕೂ ಒಂದೊಂದು ತೊಟ್ಟು ಬಣ್ಣ ಹಾಕಿ ದೀಪ ಹೊತ್ತಿಸಿದ. ನಿಂತಿದ್ದ ಟ್ಯೂಬು ಕಪ್ಪಗಿತ್ತು. ಮಗುಚಿದ್ದು ಬೆಳಗುತ್ತಿತ್ತು.

ಕೆಲವು ದಿನಗಳ ಹಿಂದೆ ತಂಗಿಯ ಮಗುವಿನ ರಕ್ತವನ್ನು ಅವನು ಇಂಥದೇ ಟ್ಯೂಬಿನಲ್ಲಿ ತಂದಿದ್ದ. ಇದಕ್ಕಿಂತ ಚೆನ್ನಾಗಿ ಮಗುಚಿದ್ದ. ಆ ಬೆಳಿಗ್ಗೆ ಮಕ್ಕಳ ವಾರ್ಡಿನಲ್ಲಿ ಮಗು ಅಳುವುದಕ್ಕೂ ತ್ರಾಣವಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. ಬಾಯಿಯ ಸುತ್ತ, ತೊಡೆಯ ಸಂದಿಯಲ್ಲಿ ಬೆಂದು ಸುಲಿದ ಹಾಗೆ ಕೆಂಪು, ತಲೆಯಲ್ಲಿ ಕೂದಲೆಂಬುದು ನಾಲ್ಕೆಳೆ. ಕೈಯಲ್ಲಿ ನರ ಸಿಗದೆ ನರ್ಸು ಕಾಲಿಗೆ ಚುಚ್ಚಿದ್ದಳು. ತಂಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಟ್ಯೂಬು ಅವನ ಕೈಗೆ ಬಂದಾಗ ಬೆಚ್ಚಗಿತ್ತು. ಅದನ್ನು ಅವನು ಬಸ್ಸಿನುದ್ದಕ್ಕೂ ಜೇಬಿನಲ್ಲಿ ಅಂಗೈಯಿಂದ ಮುಚ್ಚಿಕೊಂಡು, ಕುಲುಕಿದರೆ ಎಲ್ಲಿ ನೋಯುವುದೋ ಎನ್ನುವ ಹಾಗೆ ಮೆಲ್ಲಗೆ ಅತ್ತಿತ್ತ ಮಗುಚುತ್ತಾ ತಂದಿದ್ದ. ಮಗುವನ್ನು ಅವನು ಎತ್ತಿಕೊಳ್ಳುತ್ತಿದ್ದುದು ಕಡಿಮೆ, ಎಲ್ಲಿ ಜಾರಿಬಿಡುತ್ತದೋ ಎಂಬ ಭಯ. ಆ ದಿನ ಟ್ಯೂಬನ್ನು ಹಿಡಿದುಕೊಂಡಾಗ ಮಗುವನ್ನೇ ಹಿಡಿದುಕೊಂಡ ಹಾಗಾಗಿತ್ತು. ಪ್ರತಿ ಸಲ ಮಗುಚಿದಾಗಲೂ ರಕ್ತ ಹೋಗಿ ರಬ್ಬರನ್ನು ನೆಕ್ಕಿ ಬರುತ್ತಿತ್ತು.

ಹಾಗೆಂದು ಸರಿಯಾದ ಟ್ಯೂಬು ಇರಲಿಲ್ಲವೆಂದಲ್ಲ. ಲೋಹ ಅಳೆಯುವುದಕ್ಕೆಂದೇ ತರಿಸಿದವು ಮೇಡಂ ಬೀರುವಿನಲ್ಲಿ ಡಬ್ಬಿಗಟ್ಟಲೆ ಇದ್ದವು. ಬೀಗದ ಕೈ ಅವರ ಕೊರಳಲ್ಲಿ ಗುರುತಿನ ಚೀಟಿಯ ಜೊತೆ ನೇತಾಡುತ್ತಿತ್ತು. ಹಿಂದೊಮ್ಮೆ ಕೇಳದೆ ಒಂದನ್ನು ತೆಗೆದುಕೊಂಡಾಗ ಹುಡುಗರೆಲ್ಲರ ಮುಂದೆ, ಇದನ್ನೇನು ನೀರು ಕುಡಿಯುವ ಲೋಟ ಅಂದುಕೊಂಡಿರಾ ಎಂದು ಕೇಳಿದ್ದರು. ಹುಡುಗರು ನಕ್ಕಿದ್ದರು. ಮಗುವಿಗಾಗಿ ಕೇಳಬೇಕಾದ ದಿನ ಅವನು ಅವರ ಬಾಗಿಲವರೆಗೂ ಹೋಗಿದ್ದ, ಅವರು ಫೋನಿನಲ್ಲಿ ಮಾತಾಡುತ್ತಿದ್ದರು, ಅವನು ಕೆಮ್ಮಿದ ಹಾಗೆ ಮಾಡಿ ವಾಪಸು ಬಂದಿದ್ದ. ಅಷ್ಟೇ ನಡೆದದ್ದು. ಯಾರಿಗೂ ಹೇಳುವಂಥ ಸಂಗತಿಯೇ ಅಲ್ಲ, ಒಬ್ಬ ಮನುಷ್ಯ ಒಂದು ಬಾಗಿಲು ತಟ್ಟಲಿಲ್ಲ.

ಅಳೆದು ಕೊಡು ಎಂದು ಅವನನ್ನು ಯಾರೂ ಬೇಡಿರಲಿಲ್ಲ. ಮಕ್ಕಳ ಡಾಕ್ಟರು ಜಿಂಕ್ ಕಡಿಮೆಯಿರಬಹುದು, ಪರೀಕ್ಷೆಗೆ ಹೊರಗೆ ಕಳಿಸಬೇಕು, ತಡವಾಗುತ್ತದೆ ಅಂದಾಗ, ನಾನು ಮಾಡುತ್ತೇನೆ ಎಂದು ಜನ್ಮದಲ್ಲಿ ಮೊದಲ ಸಲ ದೊಡ್ಡ ದನಿಯಲ್ಲಿ ಹೇಳಿದ್ದ. ತಂಗಿ ಅವನ ಕಡೆ ತಿರುಗಿ ನೋಡಿದ ಆ ನೋಟದಲ್ಲೇ ಅವನು ಒಂದಷ್ಟು ದಿನ ಬದುಕಿದ. ಸಂಜೆಗೆ ಸರಿಯಾಗಿ ಬೆಳಕು ಉತ್ತರ ಕೊಟ್ಟಿತ್ತು: ಸತು ಬೇಕಾದಷ್ಟಿದೆ. ಡಾಕ್ಟರು ಹಾಗಾದರೆ ಅದಲ್ಲ ಎಂದು ಬೇರೆ ದಾರಿ ಹಿಡಿದರು. ಸೋಂಕು ಅಂದರು, ಮುಲಾಮು ಅಂದರು. ಚೊಕ್ಕಟ ಸಾಲದು ಎಂದು ನರ್ಸು ತಂಗಿಯನ್ನು ಗದರಿದಳು. ಆಮೇಲೆ ಅವನು ನೋಡಲು ಹೋದಾಗಲೆಲ್ಲ ತಂಗಿ ಕೈ ತೊಳೆಯುತ್ತಿದ್ದಳು, ತಿಕ್ಕಿ ತಿಕ್ಕಿ ಬೆರಳ ಸಂದಿಯಲ್ಲಿ ರಕ್ತ ಬರುವಷ್ಟು. ಅವಳ ಕೈಯ ತಪ್ಪಲ್ಲ ಅದು. ಕೈ ಬೇರೆ ಯಾರದೋ.

ತೊಳೆದರೆ ಮುಗಿಯಿತು. ಈ ಯೋಚನೆ ಎಷ್ಟು ಮೆಲ್ಲಗೆ ಬಂತೆಂದರೆ ಅದು ತನ್ನದೇ ಎಂದು ಗೊತ್ತಾಗುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಟ್ಯೂಬು ತೊಳೆದು ಬಿಸಾಡಿದರೆ ಕೇಳುವವರು ಯಾರು? ಮಗುವಿನ ರಕ್ತ ಉಳಿದಿಲ್ಲ. ಮಧ್ಯಾಹ್ನ ಬರುವವರಿಗೆ ಕಪ್ಪಗಿರುವ ಖಾಲಿ ತೋರಿಸಬಹುದು. ಡಾಕ್ಟರಿಗೆ ಹೇಳಿದರೆ ಅವರು ಮೇಡಂಗೆ ಹೇಳುತ್ತಾರೆ, ಮೇಡಂ ಹುಡುಗರ ಮುಂದೆ ಹೇಳುತ್ತಾರೆ, ಅಣು ಮೂಲೆ ಸೇರುತ್ತದೆ. ಹೀಗೆಲ್ಲ ಲೆಕ್ಕ ಹಾಕುತ್ತಿರುವ ತಲೆಯನ್ನು ಕಂಡೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಕತ್ತಲೆಯಿಂದ ಹೊರಗೆ ಓಡಿಬಂದು, ಕಾರಿಡಾರಿನ ಬೆಳಕಿಗೆ ಕಣ್ಣು ಮುಚ್ಚಿಕೊಂಡೇ ತಂಗಿಯ ಗಂಡನಿಗೆ ಫೋನು ಹಚ್ಚಿದ.

ತಂಗಿಯ ಗಂಡ ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು. ಕಮ್ಮಿ ಮಾತಿನ ಮನುಷ್ಯ, ಆಡಿದರೆ ಪುಸ್ತಕದ ಮಾತು. ಊರೆಲ್ಲ ಜಿಂಕ್ ಅಂದರೂ ಅವರು ಸತು ಎಂದೇ ಅನ್ನುವವರು. ತಂಗಿಗೆ ಆ ಪದ ಕಿವಿಯ ಮೇಲೆ ಬಿದ್ದರೆ ಆಗುತ್ತಿರಲಿಲ್ಲ, ಮಗು ಮಲಗಿರುವಾಗ ಎಂಥ ಮಾತು ಆಡ್ತೀರಿ ಎಂದು ಮುನಿಯುತ್ತಿದ್ದಳು. ಫೋನು ಎತ್ತಿದ ಮೇಷ್ಟ್ರ ಸುತ್ತ ಗಲಾಟೆ, ಯಾವುದೋ ಗಾಡಿ ತಳ್ಳುವ ಸದ್ದು, ಯಾರೋ ಯಾರನ್ನೋ ಕರೆಯುವ ದನಿ. ಮಗು ಹೇಗಿದೆ ಎಂದು ಇವನು ಕೂಗಿದ. ಆ ಕಡೆಯ ಮಾತು ತುಂಡು ತುಂಡಾಗಿ ಬಂತು.

"ಸತ್ತು... ಇವತ್ತೇ... ಮಗೂನ ಎತ್ಕೊಂಡು ಹೋಗಿ ಅಂದ್ರು."

ಆಮೇಲೆ ಫೋನು ಕಡಿಯಿತು. ಮತ್ತೆ ಹಚ್ಚುವುದಕ್ಕೆ ಅವನಿಗೆ ಧೈರ್ಯವಾಗಲಿಲ್ಲ. ಹಚ್ಚದಿದ್ದರೆ ಅದು ಇನ್ನೂ ಪೂರ್ತಿ ನಿಜವಾಗಿರುವುದಿಲ್ಲ ಎಂದು ಎಲ್ಲೋ ಅನ್ನಿಸಿತ್ತು.

ಬಸ್ಸು ಹತ್ತಿದ್ದು ನೆನಪಿಲ್ಲ. ಕೈಯಲ್ಲಿ ಕೈಗವಸು ಹಾಗೇ ಇತ್ತು, ಪಕ್ಕದ ಹೆಂಗಸು ಅದನ್ನು ನೋಡಿ ಸ್ವಲ್ಪ ಸರಿದು ಕೂತಳು. ಎತ್ತಿಕೊಂಡು ಹೋಗಿ. ಬದುಕಿರುವವರನ್ನು ಕರೆದುಕೊಂಡು ಹೋಗಿ ಅನ್ನುತ್ತಾರೆ, ಆದರೆ ಕೂಸನ್ನು ಹೇಗಿದ್ದರೂ ಎತ್ತಿಕೊಂಡೇ ಹೋಗಬೇಕಲ್ಲ ಎಂದು ತಲೆ ವಾದಿಸಿತು. ಭಯ ಕೇಳಲಿಲ್ಲ. ಚಿಕ್ಕವರಿದ್ದಾಗ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಅಣ್ಣನಾದ ಅವನೇ ತಂಗಿಯನ್ನು ಎಬ್ಬಿಸುತ್ತಿದ್ದ. ಅವಳು ನಿದ್ದೆಗಣ್ಣಿನಲ್ಲಿ ಫ್ರಾಕು ಎತ್ತಿ ಹಿಡಿದುಕೊಂಡು ಮುಂದೆ, ಅವನು ಅವಳ ಜಡೆಯ ತುದಿ ಹಿಡಿದುಕೊಂಡು ಹಿಂದೆ. ಏನೂ ಇಲ್ಲ ಬಾ ಅಣ್ಣ, ನಾನು ನೋಡಿದೆ, ಏನೂ ಇಲ್ಲ ಅನ್ನುತ್ತಿದ್ದಳು. ಮಾರನೆಯ ದಿನ ಯಾರಿಗೂ ಹೇಳುತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ ಮೇಲೆ ನೆಂಟರೆದುರು, ನಮ್ಮಣ್ಣ ಕತ್ತಲೇಲಿ ಕೂತು ಬೆಳಕು ಕಂಡುಹಿಡೀತಾನೆ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಲೋಕದಲ್ಲಿ ಅವನನ್ನು ನಂಬಿದವಳು ಅವಳೊಬ್ಬಳು. ಅವಳಿಗೆ ಏನೆಂದು ಹೇಳುವುದು? ರಬ್ಬರು ಅಂತಲೇ? ಸತ್ತ ಮಗುವಿನ ತಾಯಿಗೆ ಮುಚ್ಚಳದ ಕಥೆ ಹೇಳುವುದೇ? ಬಸ್ಸು ಆಸ್ಪತ್ರೆಯ ನಿಲ್ದಾಣಕ್ಕೆ ಬಂದಾಗ ಇಳಿಯದೆ ಹಾಗೇ ಮುಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಕಂಡಕ್ಟರು ಇಳೀರಿ ಸಾರ್ ಅಂದದ್ದಕ್ಕೆ ಇಳಿದ.

ಮಕ್ಕಳ ವಾರ್ಡಿನಲ್ಲಿ ಆ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಆಯಾ ಒಬ್ಬಳು ಫಿನಾಯಿಲಿನ ಬಟ್ಟೆಯಿಂದ ಮಂಚದ ಕಂಬಿ ಒರೆಸುತ್ತಿದ್ದಳು. ಯಾರು ಬೇಕಿತ್ತು ಎಂದು ಅವಳು ಕೇಳಿದಳು. ಅವನು ಮಂಚವನ್ನು ತೋರಿಸಿದ. ಅವಳು ಒರೆಸುವುದನ್ನು ನಿಲ್ಲಿಸದೆ ಹಿಂದಿನ ಬಾಗಿಲ ಕಡೆಗೆ ಗದ್ದ ಎತ್ತಿದಳು. ಆ ಕಡೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಹಿಂದಿನ ಬಾಗಿಲು ಯಾತಕ್ಕಿರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಗೋಡೆ ಹಿಡಿದುಕೊಂಡು ನಡೆದ.

ಹಿಂದೆ ಇದ್ದದ್ದು ಬಿಸಿಲು ಬೀಳುವ ಒಂದು ಜಗಲಿ. ಬೆಂಚಿನ ಮೇಲೆ ತಂಗಿ ಕೂತಿದ್ದಳು, ಪಕ್ಕದಲ್ಲಿ ಗಂಟುಮೂಟೆ, ಮಡಿಲಲ್ಲಿ ಮಗು. ಮಗು ಕಾಲು ಒದೆಯುತ್ತಿತ್ತು. ತಾಯಿಯ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಯಾವುದೋ ದೊಡ್ಡ ಕೆಲಸದಲ್ಲಿ ಮುಳುಗಿದ ಗುಮಾಸ್ತನ ಹಾಗೆ ಹುಬ್ಬು ಗಂಟಿಕ್ಕಿತ್ತು. ಬಾಯಿಯ ಸುತ್ತಲಿನ ಕೆಂಪು ಒಣಗಿ, ಹೊಸ ಚರ್ಮ ನಸುಗೆಂಪಾಗಿ ಮೇಲೆದ್ದಿತ್ತು. ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಅಳು ಬಂತು, ಅಳುವೇ ಹೌದೋ ಅಲ್ಲವೋ, ಎದೆಯಿಂದ ಏನೋ ಒಂದು ಕಿತ್ತುಕೊಂಡು ಬಂತು. ಬದುಕಿದೆ, ಬದುಕಿದೆ ಎಂದು ಮನಸ್ಸು ಹುಚ್ಚುಹುಚ್ಚಾಗಿ ಹೇಳಿಕೊಳ್ಳುತ್ತಿತ್ತು. ತಂಗಿ ಗಾಬರಿಯಾಗಿ ಎದ್ದು ಬಂದು, ಏನಾಯ್ತಣ್ಣ, ಯಾಕೆ ಹಿಂಗೆ ಬೆವರಿದ್ದೀಯ ಎಂದು ಕೇಳಿದಳು. ಅವಳ ಮುಖದಲ್ಲಿಯೂ ಒಂದು ಭಯವಿತ್ತು. ಅದು ಮಗುವಿಗೆ ಸಂಬಂಧಿಸಿದ್ದಲ್ಲ, ಅಣ್ಣನಾದ ತನಗೆ ಸಂಬಂಧಿಸಿದ್ದು ಎಂದು ಅವನಿಗೆ ಆಮೇಲೆ ತಿಳಿಯಿತು.

ಅವಳು ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಮಗುವನ್ನು ತಂದು, ಕೇಳದೆಯೇ, ಅವನ ತೊಡೆಯ ಮೇಲಿಟ್ಟಳು. ಅವನಿಗೆ ಕೈಗವಸು ಕಳಚುವುದಕ್ಕೂ ಸಮಯವಾಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿ, ಬರಿಗೈಯಿಂದ ಮಗುವಿನ ಬೆನ್ನನ್ನು ಆನಿಸಿ ಹಿಡಿದ. ಮಗು ಜಾರಲಿಲ್ಲ. ಭಾರವಾಗಿ, ಬೆಚ್ಚಗೆ, ಅವನ ಅಂಗಿಯ ಗುಂಡಿಯನ್ನು ಹಿಡಿದು ಜಗ್ಗುತ್ತಾ ಕೂತಿತು.

"ಅಣ್ಣ, ಒಂದು ವಿಷ್ಯ ಹೇಳ್ಬೇಕು. ಬೇಜಾರು ಮಾಡ್ಕೋಬೇಡ," ಅಂದಳು. "ನೀನು ಜಿಂಕ್ ಇದೆ ಅಂದ ಮೇಲೂ ನಾನು ಡಾಕ್ಟ್ರ ಕಾಲು ಕಟ್ಟಿದೆ. ನಮ್ಮಣ್ಣ ತಪ್ಪು ಮಾಡಿದ್ರೂ ಮಾಡಿರ್ತಾನೆ, ನೀವು ಕೊಟ್ಟು ನೋಡಿ ಅಂತ. ನಿಂಗೆ ಗೊತ್ತಾಗಬಾರದು ಅಂತ ಇವರಿಗೂ ಹೇಳಿದ್ದೆ."

ತಾಯಿಯ ಸಮಾಧಾನಕ್ಕೆಂದು ಡಾಕ್ಟರು ಕೊಟ್ಟಿದ್ದರಂತೆ, ದಿನಕ್ಕೊಂದು ಚಮಚ ಜಿಂಕ್. ಜೊತೆಗೆ ಮುಲಾಮು, ಸೋಂಕಿನ ಔಷಧಿ ನಡೆದೇ ಇತ್ತು. ಮಗು ಚಿಗುರಿಕೊಂಡಿತು. ಹೊಸ ಮುಲಾಮು ಹಿಡಿಯಿತು ಅನ್ನುತ್ತಾರೆ ಡಾಕ್ಟರು. ನಿಮ್ಮಣ್ಣ ಅಳೆದು ಬೇಕಾದಷ್ಟಿದೆ ಅಂತ ಹೇಳಿದ್ದಾರಲ್ಲ, ಇನ್ನು ಅದನ್ನು ಸುಮ್ಮನೆ ಕುಡಿಸಬೇಡಿ, ಇವತ್ತಿಂದ ನಿಲ್ಲಿಸಿ, ಮಗುವನ್ನು ಮನೆಗೆ ಎತ್ತಿಕೊಂಡು ಹೋಗಿ ಅಂದರಂತೆ. ಹೇಳಬಾರದೆಂಬುದನ್ನು ಮರೆತು ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಅದನ್ನೇ: ಸತು ಇವತ್ತೇ ನಿಲ್ಲಿಸಿ. ಅವನ ಭಯ ಆ ಪದಕ್ಕೊಂದು ಒತ್ತು ಕೊಟ್ಟು ಕೇಳಿಸಿಕೊಂಡಿತ್ತು. ತಂಗಿ ಕಣ್ಣೊರೆಸಿಕೊಂಡು, ನಿನ್ನ ಮಾತನ್ನೇ ನಂಬಲಿಲ್ಲವಲ್ಲ ಅಂತ ಹೊಟ್ಟೆ ಉರೀತಿತ್ತಣ್ಣ, ಎಷ್ಟು ಕಷ್ಟಪಟ್ಟು ಅಳೆದಿದ್ದೆ ನೀನು ಅಂದಳು. ಅವನ ತೋಳಿನ ಮೇಲೆ ಕೈಯಿಟ್ಟಳು. ತಿಕ್ಕಿ ತಿಕ್ಕಿ ಬಿರಿದ ಕೈ.

ಒಂದು ಗಳಿಗೆ ಅವನಿಗೆ ಅವಮಾನವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಂಬಿದ್ದಾಳೆ ಎಂದು ಅವನು ಯಾವ ನೋಟದ ಮೇಲೆ ಬದುಕಿದ್ದನೋ ಆ ನೋಟ ಮಾರನೆಯ ದಿನವೇ ಡಾಕ್ಟರ ಕಾಲು ಹಿಡಿದಿತ್ತು. ಅದರ ಹಿಂದೆಯೇ ಇನ್ನೊಂದು ಬಂತು, ಸಿಹಿಯಾಗಿ, ನಾಚಿಕೆಯಿಲ್ಲದೆ: ಅವಳಿಗೆ ಗೊತ್ತಿಲ್ಲ. ಅವಳು ಕ್ಷಮೆ ಕೇಳುತ್ತಿದ್ದಾಳೆ. ಸುಮ್ಮನೆ ತಲೆಯಾಡಿಸಿದರೆ ಸಾಕು, ಇರಲಿ ಬಿಡು ಅಂದರೆ ಸಾಕು, ಅವನು ದೊಡ್ಡ ಮನಸ್ಸಿನ ಅಣ್ಣನಾಗುತ್ತಾನೆ. ಮಗು ಗುಂಡಿಯನ್ನು ಬಿಟ್ಟು ಅವನ ಬೆರಳನ್ನು ಹಿಡಿಯಿತು. ಔಷಧಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಈ ಜಗಲಿಯಲ್ಲಿ ಅವನೊಬ್ಬನಿಗೇ ಗೊತ್ತು. ಮನೆಗೆ ಹೋಗಿ ಸ್ವಲ್ಪ ದಿನ ನಗುತ್ತದೆ. ಆಮೇಲೆ ಬಾಯಿಯ ಮೂಲೆಯಲ್ಲಿ ಮೊದಲ ಕೆಂಪು.

ಡಾಕ್ಟರು ಮೇಷ್ಟ್ರ ಜೊತೆ ಮಾತಾಡುತ್ತಾ ಜಗಲಿಗೆ ಬಂದರು, ಹಿಂದೆ ಕಲಿಯುವ ಹುಡುಗ ಹುಡುಗಿಯರ ಗುಂಪು. ಇವನನ್ನು ಕಂಡು, ಓ, ಬೆಳಕಿನ ಸಾಹೇಬರು ಬಂದಿದ್ದಾರೆ ಅಂದರು. ಹುಡುಗರು ನಕ್ಕರು. ಈಗ ಒಂದು ಸಲ ನಕ್ಕುಬಿಟ್ಟರೆ ಎಲ್ಲರೂ ಮುಂದಕ್ಕೆ ಹೋಗುತ್ತಾರೆ. ಮುಖ ಆಗಲೇ ನಗುವಿಗೆ ಸಿದ್ಧವಾಗಿತ್ತು, ಅಭ್ಯಾಸಬಲ. ಅವನು ಮಗುವಿನ ತಲೆಯನ್ನು ನೋಡಿಕೊಂಡು ಹೇಳಿದ.

"ನಾನು ಹೇಳಿದ್ದು ತಪ್ಪು ಡಾಕ್ಟ್ರೇ. ಜಿಂಕ್ ನಿಲ್ಲಿಸ್ಬೇಡಿ. ಅವತ್ತು ಬೆಳಗಿದ್ದು ಮಗೂ ರಕ್ತ ಅಲ್ಲ, ಟ್ಯೂಬಿನ ಮುಚ್ಚಳ."

ಡಾಕ್ಟರು ನಿಂತರು. ಮುಚ್ಚಳ ಅಂದರೆ ಎಂದು ಕೇಳಿದರು. ಅವನು ರಬ್ಬರಿನ ವಿಷಯ ಹೇಳಿದ, ಮಗುಚಿದ ವಿಷಯ ಹೇಳಿದ, ಸರಿಯಾದ ಟ್ಯೂಬು ಕೇಳುವುದಕ್ಕೆ ಹೆದರಿಕೆಯಾಯಿತು ಎಂಬುದನ್ನೂ ಹೇಳಿದ. ಹೇಳಬೇಕಾಗಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಹುಡುಗರಲ್ಲಿ ಯಾರೂ ಈಗ ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

"ಹಾಗಾದ್ರೆ ಮಗೂಗೆ ಎಷ್ಟಿತ್ತು?"

"ಗೊತ್ತಿಲ್ಲ."

"ಗೊತ್ತಿಲ್ಲದೇನೇ ಇದೆ ಅಂದ್ರಾ?"

ಡಾಕ್ಟರು ಅವನನ್ನು ಬಿಟ್ಟು ಮಗುವಿನ ಕಡೆ ಬಗ್ಗಿದರು, ಬಾಯಿಯ ಸುತ್ತ ಬೆರಳಾಡಿಸಿದರು, ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮೇಷ್ಟ್ರಿಗೆ, ಚಮಚದ ಔಷಧಿ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ನಾನು ಹೇಳುವ ತನಕ ನಡೆಯಲಿ, ಇವತ್ತು ಮನೆಗೆ ಹೋಗುವುದು ಬೇಡ ಅಂದರು. ನರ್ಸನ್ನು ಕರೆದು ಹಾಸಿಗೆ ಮತ್ತೆ ಹಾಸಲು ಹೇಳಿದರು. ಗುಂಪಿನ ಜೊತೆ ಒಳಗೆ ಹೋದರು. ಮೇಷ್ಟ್ರು ಗಂಟುಮೂಟೆ ಎತ್ತಿಕೊಂಡು ಅವರ ಹಿಂದೆ ನಡೆದರು.

ಜಗಲಿಯಲ್ಲಿ ಬಿಸಿಲು ಮೊದಲಿನ ಹಾಗೇ ಇತ್ತು. ಅವನ ಎದೆ ಹಗುರವಾಗಿತ್ತು. ಮಗು ಉಳಿಯಿತು, ಹೇಳಿಬಿಟ್ಟೆ, ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಿ, ಬೆರಳು ಹಿಡಿದುಕೊಂಡೇ ಇದ್ದ ಮಗುವನ್ನು ಎದೆಗೆ ಒತ್ತಿಕೊಂಡು ತಂಗಿಯ ಕಡೆ ನೋಡಿದ. ತಂಗಿ ಅವನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಅವನ ತೋಳಿನ ಮೇಲಿದ್ದ ಕೈಯನ್ನು ಯಾವಾಗಲೋ ತೆಗೆದಿದ್ದಳು. ಎದ್ದು ನಿಂತು, ಎರಡೂ ಕೈ ಮುಂದೆ ಚಾಚಿದಳು.

"ಕೊಡು ಇಲ್ಲಿ. ಹಾಲು ಕುಡಿಸ್ಬೇಕು."

ಮಗುವಿನ ತುಟಿಯ ಮೇಲೆ ಕುಡಿದ ಹಾಲು ಇನ್ನೂ ಆರಿರಲಿಲ್ಲ. ಅವನು ಒಂದೊಂದೇ ಬೆರಳು ಬಿಡಿಸಿ ಮಗುವನ್ನು ಕೊಟ್ಟ.